ನಾಟಿ ಕೋಳಿ, ಫಾರಂ ಕೋಳಿ ಮತ್ತು ನೋವಿನ ಲೆಕ್ಕ

ಮಲೆನಾಡಿನಲ್ಲಿ ಮಾಂಸಾಹಾರದ ಬಗ್ಗೆ ವಾದ ಎದ್ದರೆ ಅದು ಬಹುಪಾಲು ಪ್ರಾಣಿಯ ಸುತ್ತ ನಡೆಯುವುದಿಲ್ಲ, ತಿನ್ನುವವರ ಸುತ್ತ ನಡೆಯುತ್ತದೆ. ಶಿವಮೊಗ್ಗದ ಕೆಲವು ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಅಡ್ವಾನ್ಸ್ ಎಷ್ಟೆಂದು ಹೇಳುವ ಮೊದಲೇ 'ಮನೇಲಿ ನಾನ್‌ವೆಜ್ ಮಾಡ್ತೀರಾ' ಎಂಬ ಪ್ರಶ್ನೆ ಎದುರಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಒಂದೇ ಅಡಿಕೆ ತೋಟದ ಆಚೀಚೆ ಇರುವ ಎರಡು ಮನೆಗಳಲ್ಲಿ, ಮಳೆ ಹಿಡಿಯುತ್ತಿದ್ದಂತೆ ಒಂದರಲ್ಲಿ ಕಡುಬಿಗೆ ಕೋಳಿ ಸಾರು ಕುದಿಯುತ್ತಿದ್ದರೆ, ಇನ್ನೊಂದರ ಅಡುಗೆಮನೆಗೆ ಮೊಟ್ಟೆಯ ಸಿಪ್ಪೆಯೂ ಬರುವಂತಿಲ್ಲ. ಇಲ್ಲಿ ಕೆಲಸ ಮಾಡುವುದು ಮಡಿ-ಮೈಲಿಗೆಯ ತರ್ಕ. ಆ ತರ್ಕದಲ್ಲಿ ಕೋಳಿ ಹೇಗೆ ಬದುಕಿತು, ಹೇಗೆ ಸತ್ತಿತು ಎಂಬುದಕ್ಕೆ ಜಾಗವೇ ಇಲ್ಲ. ಅದು ಯಾರ ತಟ್ಟೆ ಮುಟ್ಟಿತು ಎಂಬುದಷ್ಟೇ ಮುಖ್ಯ. 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ರಾಜ್ಯದಲ್ಲಿ ಎದ್ದ ಹಲಾಲ್-ಝಟ್ಕಾ ಗಲಾಟೆಯೂ ಕತ್ತರಿಸುವ ವಿಧಾನದ ಹೆಸರಿನಲ್ಲೇ ನಡೆಯಿತಾದರೂ, ಕುರಿಗೆ ಯಾವುದರಿಂದ ನೋವು ಕಡಿಮೆ ಎಂದು ತಿಳಿದುಕೊಳ್ಳುವ ಆಸಕ್ತಿ ಅದರಲ್ಲಿ ಅಷ್ಟಾಗಿ ಕಾಣಲಿಲ್ಲ.

ಭಾರತ ಸಸ್ಯಾಹಾರಿಗಳ ದೇಶವೆಂಬ ನಂಬಿಕೆಯನ್ನೂ ಮೊದಲಿಗೇ ಬದಿಗಿಡುವುದು ಒಳ್ಳೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಗಂಡಸರಲ್ಲಿ ಶೇ. 83ರಷ್ಟು, ಹೆಂಗಸರಲ್ಲಿ ಶೇ. 70ರಷ್ಟು ಮಂದಿ ಆಗಾಗಲಾದರೂ ಮೀನು, ಕೋಳಿ ಅಥವಾ ಇತರ ಮಾಂಸ ತಿನ್ನುವವರೇ. ಆದ್ದರಿಂದ ಈ ಪ್ರಶ್ನೆ ಯಾವುದೋ ಒಂದು ಗುಂಪಿನ ನಡತೆಗೆ ಸಂಬಂಧಿಸಿದ್ದಲ್ಲ.

ಜಾತಿ, ಮಡಿ, ಧರ್ಮದ ಎಳೆಗಳನ್ನು ಬಿಡಿಸಿ ತೆಗೆದ ಮೇಲೆ ನಿಜವಾದ ನೈತಿಕ ಚರ್ಚೆಯಲ್ಲಿ ಉಳಿಯುವ ಪ್ರಶ್ನೆಗಳು ಎರಡು. ಪ್ರಾಣಿಗೆ ನೋವು ಕೊಡುವುದು ತಪ್ಪೇ ಎಂಬುದು ಒಂದು; ನೋವೇ ಆಗದಂತೆ ಕೊಂದರೂ ಕೊಲ್ಲುವುದು ತಪ್ಪೇ ಎಂಬುದು ಇನ್ನೊಂದು. ಸಾಮಾನ್ಯ ಮಾತುಕತೆಯಲ್ಲಿ ಇವೆರಡನ್ನೂ 'ಹಿಂಸೆ' ಎಂಬ ಒಂದೇ ಪದದೊಳಗೆ ಸೇರಿಸಿಬಿಡುತ್ತೇವೆ, ಅದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲನೆಯದಕ್ಕೆ ಉತ್ತರ ನಾವು ಅಂದುಕೊಂಡಿರುವುದಕ್ಕಿಂತ ಗಟ್ಟಿಯಾಗಿದೆ, ಎರಡನೆಯದಕ್ಕೆ ಇಂದಿಗೂ ಒಮ್ಮತವಿಲ್ಲ ಎಂಬುದು ನನ್ನ ತಿಳಿವಳಿಕೆ.

17ನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ಪ್ರಾಣಿಗಳನ್ನು ಯಂತ್ರಗಳ ಸಾಲಿಗೆ ಸೇರಿಸಿದ್ದ. ಅವುಗಳಿಗೆ ಮನುಷ್ಯನಂತೆ ಯೋಚಿಸುವ ಆತ್ಮವಿಲ್ಲ ಎಂಬುದು ಅವನ ನಿಲುವು. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಇಡೀ ಚರ್ಚೆಯ ದಿಕ್ಕನ್ನು ತಿರುಗಿಸಿದ. ಪ್ರಾಣಿಗಳಿಗೆ ವಿವೇಚನೆ ಇದೆಯೇ, ಮಾತು ಬರುತ್ತದೆಯೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಅವು ನೋವು ಅನುಭವಿಸಬಲ್ಲವೇ ಎಂಬುದೊಂದೇ ಕೇಳಬೇಕಾದದ್ದು ಎಂದ. ಎಳೆಗೂಸಿಗೂ ಮಾತು ಬರುವುದಿಲ್ಲ, ಆದರೂ ಅದರ ಅಳುವನ್ನು ನಾವು ಕಡೆಗಣಿಸುವುದಿಲ್ಲ. ಇದೇ ತರ್ಕವನ್ನು ಆಸ್ಟ್ರೇಲಿಯಾದ ಪೀಟರ್ ಸಿಂಗರ್ 1975ರಲ್ಲಿ ಇನ್ನೂ ಮುಂದಕ್ಕೆ ಒಯ್ದು, ಬೇರೆ ಜಾತಿಯ ಜೀವಿ ಎಂಬ ಒಂದೇ ಕಾರಣಕ್ಕೆ ಅದರ ನೋವನ್ನು ಕಡಿಮೆ ಬೆಲೆಗೆ ಹಿಡಿಯುವುದು ಬಣ್ಣದ ಆಧಾರದ ಮೇಲೆ ಮನುಷ್ಯರನ್ನು ತಾರತಮ್ಯ ಮಾಡುವಂಥದ್ದೇ ತಪ್ಪು ಎಂದು ವಾದಿಸಿದ.

ಪ್ರಾಣಿಗೆ ನೋವಾಗುತ್ತದೆ ಎಂದು ತಿಳಿಯುವುದಾದರೂ ಹೇಗೆ? ಚುಚ್ಚಿದಾಗ ಮೈ ಎಳೆದುಕೊಳ್ಳುವುದು ಬರೀ ನರಗಳ ಪ್ರತಿಕ್ರಿಯೆಯೂ ಆಗಿರಬಹುದು, ನಾಚಿಕೆಮುಳ್ಳೂ ಮುಟ್ಟಿದರೆ ಮುದುಡುತ್ತದೆ. ಆದ್ದರಿಂದ ಸಂಶೋಧಕರು ಹುಡುಕುವುದು ಅದಕ್ಕಿಂತ ಆಳದ ಸುಳಿವುಗಳನ್ನು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಹೋದ್ಯೋಗಿಗಳು ಟ್ರೌಟ್ ಮೀನಿನ ತುಟಿಗೆ ಉರಿ ಬರಿಸುವ ಆಮ್ಲವನ್ನು ಚುಚ್ಚಿ ನೋಡಿದಾಗ, ಆ ಮೀನುಗಳು ತೊಟ್ಟಿಯ ತಳದ ಜಲ್ಲಿಕಲ್ಲಿಗೆ ತುಟಿಯನ್ನು ಉಜ್ಜಿಕೊಂಡವು, ಆಹಾರದ ಕಡೆ ಬಹಳ ಹೊತ್ತು ಸುಳಿಯಲಿಲ್ಲ. ನೋವು ನಿವಾರಕ ಮಾರ್ಫಿನ್ ಕೊಟ್ಟಾಗ ಆ ಚಡಪಡಿಕೆ ತಗ್ಗಿತು. ರಾಬರ್ಟ್ ಎಲ್‌ವುಡ್ ಅವರು ಸನ್ಯಾಸಿ ಏಡಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಕುತೂಹಲದ್ದು. ಈ ಏಡಿಗಳು ಖಾಲಿ ಚಿಪ್ಪುಗಳನ್ನು ಮನೆ ಮಾಡಿಕೊಂಡು ಬದುಕುತ್ತವೆ. ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ, ಇಷ್ಟವಿಲ್ಲದ ಜಾತಿಯ ಚಿಪ್ಪಿನಲ್ಲಿದ್ದವು ಬೇಗ ಹೊರಗೆ ಬಂದವು, ಒಳ್ಳೆಯ ಚಿಪ್ಪು ಸಿಕ್ಕಿದ್ದವು ಸಹಿಸಿಕೊಂಡು ಒಳಗೇ ಉಳಿದವು. ನೋವನ್ನೂ ಮನೆಯನ್ನೂ ಹೀಗೆ ತೂಗಿ ನೋಡುವ ಜೀವಿಯನ್ನು ಬರೀ ಸ್ಪ್ರಿಂಗು ಎನ್ನುವುದು ಕಷ್ಟ. ಇಂಥ ಪುರಾವೆಗಳ ಬಲದ ಮೇಲೆಯೇ ಬ್ರಿಟನ್ 2022ರ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಯ ವ್ಯಾಪ್ತಿಗೆ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ತಂದಿತು.

ಇದನ್ನು ಓದುವ ಮಲೆನಾಡಿನವರಿಗೆ ಮುಂಗಾರಿನ ಗದ್ದೆ ನೆನಪಾಗದೆ ಇರುವುದಿಲ್ಲ. ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಹಿಡಿಯಲು ಊರಿಗೆ ಊರೇ ಬ್ಯಾಟರಿ ಹಿಡಿದು ರಾತ್ರಿ ಇಳಿಯುತ್ತದೆ. ಹಿಡಿದ ಮೀನನ್ನು ಯಾರೂ ಕೊಲ್ಲುವುದಿಲ್ಲ, ಅದು ಬುಟ್ಟಿಯಲ್ಲಿ ತಾನಾಗಿಯೇ ಸಾಯುತ್ತದೆ. ಗಾಳಿಯನ್ನೂ ಉಸಿರಾಡಬಲ್ಲ ಮುಗುಡಿನಂಥ ಮೀನಿಗಂತೂ ಆ ಸಾವು ಮತ್ತಷ್ಟು ನಿಧಾನ. ಗದ್ದೆಯಂಚಿನ ಬಿಲದಿಂದ ತೆಗೆದ ಏಡಿ ಕಚ್ಚೀತೆಂದು ಮೊದಲು ಅದರ ಕೊಂಬುಗಳನ್ನು ಮುರಿಯುತ್ತಾರೆ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಕಿತ್ತು ಒರಳಿಗೆ ಹಾಕುತ್ತಾರೆ, ಅಷ್ಟು ಹೊತ್ತಿಗೂ ಉಳಿದ ಮೈ ಅಲುಗಾಡುತ್ತಲೇ ಇರುತ್ತದೆ. ಇದರಲ್ಲಿ ಕ್ರೌರ್ಯದ ಉದ್ದೇಶ ಯಾರಿಗೂ ಇಲ್ಲ, ಏಡಿಗೆ ನೋವಾಗುತ್ತದೆ ಎಂಬ ಯೋಚನೆ ಹೊಳೆದೇ ಇಲ್ಲ ಅಷ್ಟೆ. ಹೊಳೆದರೆ ಮಾಡಬಹುದಾದದ್ದೂ ಬಹಳ ಸುಲಭ: ಮೀನಿನ ತಲೆಗೆ ಮೊದಲೇ ಒಂದು ಪೆಟ್ಟು, ಏಡಿಯನ್ನು ಹೊಟ್ಟೆಯ ಕಡೆಯಿಂದ ಒಂದೇ ಬಾರಿಗೆ ಸೀಳುವುದು.

ಆದರೆ ಹತ್ತುಮೀನಿನ ರಾತ್ರಿ ವರ್ಷಕ್ಕೆ ಕೆಲವು ಬರುತ್ತದೆ. ಫಾರಂ ಕೋಳಿಯದು ಬೇರೆಯೇ ಪ್ರಮಾಣ. ಜಗತ್ತಿನಲ್ಲಿ ವರ್ಷವೊಂದಕ್ಕೆ ಆಹಾರಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳ ಸಂಖ್ಯೆ 8,000 ಕೋಟಿಯನ್ನು ಮೀರುತ್ತದೆ, ಅದರಲ್ಲಿ 7,000 ಕೋಟಿಗೂ ಹೆಚ್ಚು ಕೋಳಿಗಳೇ. ನಮ್ಮ ಜನ 'ಬಾಯ್ಲರ್' ಎಂದು ಕರೆಯುವ ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೋ ತೂಗುವಂತೆ ತಲೆಮಾರುಗಳ ಆಯ್ಕೆಯಿಂದ ರೂಪಿಸಿದ ತಳಿ. ಹಿತ್ತಲಿನ ನಾಟಿ ಕೋಳಿ ಆ ತೂಕ ಮುಟ್ಟಲು ತಿಂಗಳುಗಟ್ಟಲೆ ಬೇಕು, ಕೆಲವು ಮುಟ್ಟುವುದೇ ಇಲ್ಲ. ಈ ವೇಗಕ್ಕೆ ಬೆಲೆ ತೆರುವುದು ಕೋಳಿಯ ಕಾಲು ಮತ್ತು ಹೃದಯ. ಎದೆಯ ಮಾಂಸ ಬೆಳೆದಷ್ಟು ಬೇಗ ಮೂಳೆ ಗಟ್ಟಿಯಾಗದೆ ಕೊನೆಯ ವಾರಗಳಲ್ಲಿ ಹಲವು ಕೋಳಿಗಳು ಕುಂಟುತ್ತವೆ, ಕೂತಲ್ಲೇ ಕೂರುತ್ತವೆ, ಹಿಕ್ಕೆಯಿಂದ ತೇವವಾದ ಹೊಟ್ಟಿನ ಮೇಲೆ ಎದೆ ಊರಿ ಚರ್ಮ ಸುಟ್ಟುಕೊಳ್ಳುತ್ತವೆ. 2000ದಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ ಕುಂಟುವ ಮತ್ತು ಕುಂಟದ ಬ್ರಾಯ್ಲರ್‌ಗಳ ಮುಂದೆ ಎರಡು ಬಣ್ಣದ ಮೇವು ಇಟ್ಟಿದ್ದರು. ಒಂದರಲ್ಲಿ ನೋವಿನ ಔಷಧಿ ಬೆರೆಸಿತ್ತು. ಕುಂಟುವ ಕೋಳಿಗಳು ಆ ಔಷಧಿಯ ಮೇವನ್ನು ಹೆಚ್ಚು ಆರಿಸಿಕೊಂಡವು, ಕುಂಟು ಹೆಚ್ಚಾದಂತೆ ಆರಿಸುವ ಪ್ರಮಾಣವೂ ಹೆಚ್ಚಿತು, ತಿಂದ ಮೇಲೆ ನಡಿಗೆ ಸುಧಾರಿಸಿತು. ಕೋಳಿಯ ನೋವಿನ ಬಗ್ಗೆ ನನಗೆ ಇದಕ್ಕಿಂತ ನೇರವಾದ ಸಾಕ್ಷಿ ಕಂಡಿಲ್ಲ.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ರಸ್ತೆ ಬದಿಯ ಕೋಳಿ ಶೆಡ್‌ಗಳಲ್ಲಿ ಸಾಕುವ ರೈತನನ್ನು ಇದಕ್ಕೆ ದೂರುವುದು ಅನ್ಯಾಯ. ಗುತ್ತಿಗೆ ಪದ್ಧತಿಯಲ್ಲಿ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿಯೂ ಕಂಪನಿಯದು. ಶೆಡ್, ಕರೆಂಟು, ದುಡಿಮೆ ಮಾತ್ರ ರೈತನವು, ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಮೇವು ಹೆಚ್ಚು ಖರ್ಚಾದರೆ ಆ ಕೂಲಿ ಇಳಿಯುತ್ತದೆ. ನಿಧಾನಕ್ಕೆ ಬೆಳೆಯುವ ತಳಿ ತರುತ್ತೇನೆ, ಕೋಳಿಗೆ ಇನ್ನಷ್ಟು ಜಾಗ ಬಿಡುತ್ತೇನೆ ಎನ್ನುವ ಸ್ವಾತಂತ್ರ್ಯ ಅವನ ಕೈಯಲ್ಲಿಲ್ಲ. ಊರಿನ ಅಂಗಡಿಯವನ ಸ್ಥಿತಿಯೂ ಅಷ್ಟೆ. ಕಾಲು ಹಿಡಿದು ತಲೆಕೆಳಗಾಗಿ ತಂದ ಕೋಳಿಯನ್ನು ತೂಕಕ್ಕೆ ಇಡುತ್ತಾನೆ, ಕುತ್ತಿಗೆ ಕೊಯ್ದು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕುತ್ತಾನೆ, ಒಳಗಿನ ಬಡಿತ ನಿಲ್ಲುವವರೆಗೆ 'ಸ್ಕಿನ್‌ಔಟಾ, ವಿತ್ ಸ್ಕಿನ್ನಾ' ಎಂದು ಗಿರಾಕಿಯನ್ನು ವಿಚಾರಿಸುತ್ತಾನೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಕೂಡದು ಎಂದು 2001ರ ಕಸಾಯಿಖಾನೆ ನಿಯಮಗಳು ಹೇಳುತ್ತವೆ. ಇಲ್ಲಿ ಪಂಜರಕ್ಕೂ ಕೊಯ್ಯುವ ಕಲ್ಲಿಗೂ ಒಂದು ತೋಳಿನ ದೂರ.

ಈ ಲೆಕ್ಕಾಚಾರದಿಂದ ಹೊರಡುವ ಒಂದು ತೀರ್ಮಾನ ಅನೇಕರಿಗೆ ವಿಚಿತ್ರ ಅನ್ನಿಸಬಹುದು. 'ಮಟನ್ ಬಿಟ್ಟಿದ್ದೇನೆ, ಬರೀ ಚಿಕನ್' ಎನ್ನುವವರು ತಮ್ಮ ಆಹಾರ ಸೌಮ್ಯವಾಯಿತು ಎಂದು ತಿಳಿದಿರುತ್ತಾರೆ. ಒಂದು ಆಡಿನಿಂದ ಹತ್ತು-ಹನ್ನೆರಡು ಕಿಲೋ ಮಾಂಸ ಸಿಗುತ್ತದೆ, ಅಷ್ಟೇ ಮಾಂಸಕ್ಕೆ ಬ್ರಾಯ್ಲರ್ ಕೋಳಿ ಏಳೆಂಟು ಬೇಕು. ಅದರ ಮೇಲೆ, ಆಡು ಬಯಲಲ್ಲಿ ಮೇದು, ಮರಿ ಹಾಕಿ, ಮಂದೆಯೊಂದಿಗೆ ತಿರುಗಿ ಬದುಕಿರುತ್ತದೆ. ಕೋಳಿಗೆ ಶೆಡ್ಡಿನ ಆಚೆಯ ಬೆಳಕೇ ಗೊತ್ತಿರುವುದಿಲ್ಲ. ನೋವೇ ಅಳತೆಗೋಲಾದರೆ ಕೆಂಪು ಮಾಂಸದಿಂದ ಬಿಳಿ ಮಾಂಸಕ್ಕೆ ಸರಿಯುವುದು ಹಿಂದಕ್ಕೆ ಇಟ್ಟ ಹೆಜ್ಜೆ.

ನಾಟಿ ಕೋಳಿಯ ವಿಷಯಕ್ಕೆ ಬಂದರೆ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಹಿತ್ತಲಲ್ಲಿ ಕೆದಕಿ, ಹೇಂಟೆಯ ಹಿಂದೆ ಓಡಾಡಿ, ರಾತ್ರಿ ಗೂಡು ಸೇರಿ ವರ್ಷಗಟ್ಟಲೆ ಬದುಕಿದ ಹುಂಜವನ್ನು ಹಬ್ಬದ ದಿನ ಹರಿತವಾದ ಕತ್ತಿಯಿಂದ ಕ್ಷಣದಲ್ಲಿ ಕೊಯ್ದರೆ, ನೋವಿನ ಲೆಕ್ಕದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಹಾಗಿದ್ದರೂ ತಪ್ಪೇ? ಇಲ್ಲಿ ತತ್ತ್ವಜ್ಞಾನಿಗಳು ಕವಲೊಡೆಯುತ್ತಾರೆ. ನಾಳೆಯ ಬಗ್ಗೆ ಯೋಚನೆ, ಆಸೆ ಇಟ್ಟುಕೊಳ್ಳಲಾರದ ಜೀವಿಗೆ ನೋವಿಲ್ಲದ ಸಾವು ಮನುಷ್ಯನಿಗೆ ಆಗುವಷ್ಟು ದೊಡ್ಡ ನಷ್ಟವಲ್ಲ ಎಂಬ ವಾದಕ್ಕೆ ಸಿಂಗರ್ ಕೂಡ ಒಂದಿಷ್ಟು ಜಾಗ ಬಿಟ್ಟಿದ್ದಾನೆ. ಅಮೆರಿಕದ ಟಾಮ್ ರೀಗನ್ 1983ರಲ್ಲಿ ಇದನ್ನು ಒಪ್ಪಲಿಲ್ಲ. ತನ್ನದೇ ಒಂದು ಬದುಕನ್ನು ಒಳಗಿನಿಂದ ಅನುಭವಿಸುವ ಜೀವಿಗೆ ಇನ್ನೊಬ್ಬರ ಉಪಯೋಗದಾಚೆಗೆ ಸ್ವಂತ ಬೆಲೆ ಇದೆ, ಚೆನ್ನಾಗಿ ಸಾಕಿದ್ದೇನೆ ಎಂಬುದು ಅದನ್ನು ಬಳಸಿ ಮುಗಿಸಲು ಪರವಾನಗಿಯಲ್ಲ ಎಂಬುದು ಅವನ ನಿಲುವು.

'ನಾವು ತಿನ್ನದಿದ್ದರೆ ಈ ಕೋಳಿ ಹುಟ್ಟುತ್ತಲೇ ಇರಲಿಲ್ಲ' ಎಂಬ ಮಾತನ್ನು ಊಟದ ಪಂಕ್ತಿಯಲ್ಲಿ ಎಲ್ಲರೂ ಕೇಳಿರುತ್ತೇವೆ. ಇದು ಇಂಗ್ಲೆಂಡಿನಲ್ಲೂ ನೂರು ವರ್ಷಗಳಿಗೂ ಹಿಂದೆಯೇ ಚಾಲ್ತಿಯಲ್ಲಿತ್ತು, ಹೆನ್ರಿ ಸಾಲ್ಟ್ ಎಂಬ ಲೇಖಕ ಅದಕ್ಕೆ ಕೊಟ್ಟ ಉತ್ತರ ಈಗಲೂ ಸವಕಲಾಗಿಲ್ಲ: ಹುಟ್ಟದೇ ಇರುವ ಪ್ರಾಣಿಗೆ ನಾವು ಹುಟ್ಟಿನ ಉಪಕಾರ ಮಾಡಲು ಬರುವುದಿಲ್ಲ, ಹುಟ್ಟಿದ ಮೇಲಷ್ಟೇ ಅದರ ಬಗ್ಗೆ ಕರ್ತವ್ಯ ಶುರುವಾಗುವುದು. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ, ತಾಯಿಗೆ ಕೊಟ್ಟ ಮಾತಿನ ಕಟ್ಟಿಗೆ ಸಸ್ಯಾಹಾರಿಯಾಗಿದ್ದವರು, ಒಪ್ಪಿ ಆರಿಸಿಕೊಂಡ ಸಸ್ಯಾಹಾರಿಯಾದದ್ದು ಇದೇ ಸಾಲ್ಟನ ಬರಹವನ್ನು ಓದಿ.

ಕೊಲ್ಲುವ ಪ್ರಶ್ನೆಗೆ ಕನ್ನಡದಲ್ಲಿ ಇನ್ನೂ ಕಟುವಾದ ಉತ್ತರವಿದೆ. 13ನೇ ಶತಮಾನದ ಆರಂಭದಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ, ಅದಕ್ಕಾಗಿ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಬೆಂಥಮ್‌ನ ಲೆಕ್ಕದಲ್ಲಿ ಹಿಟ್ಟಿನ ಕೋಳಿಗೆ ನೋವಿಲ್ಲ, ಆದ್ದರಿಂದ ತಪ್ಪೂ ಇಲ್ಲ. ಜೈನ ದೃಷ್ಟಿಯಲ್ಲಿ ಕೊಲ್ಲುವ ಸಂಕಲ್ಪವೇ ಹಿಂಸೆ. ಹೊಸನಗರ ತಾಲೂಕಿನ ಹೊಂಬುಜ ಶತಮಾನಗಳಿಂದ ಈ ಧರ್ಮದ ನೆಲೆ; ಅದರ ಸುತ್ತಲಿನ ಊರುಗಳಲ್ಲೇ ಭೂತಕ್ಕೆ, ಚೌಡಿಗೆ ಕೋಳಿ ಕೊಡುವ ಪದ್ಧತಿಯೂ ಇದೆ, ಕೆಲವರು ಕೋಳಿಯ ಬದಲು ಕುಂಕುಮ ಹಚ್ಚಿದ ಬೂದುಗುಂಬಳ ಒಡೆಯುವುದೂ ಇದೆ. ಜನ್ನನ ಕಣ್ಣಿನಿಂದ ನೋಡಿದರೆ ಆ ಕುಂಬಳಕಾಯಿಯೂ ನಿರಪಾಯಕಾರಿಯಲ್ಲ. ನನಗೆ ಇದು ಅತಿಯೆನಿಸುತ್ತದೆ. ಆದರೂ ನೋವಿನ ಲೆಕ್ಕ ಮಾತ್ರ ಹಾಕುವವರು ಕೈಬಿಡುವ ಒಂದು ಸಂಗತಿ, ಅಂದರೆ ಕೊಲ್ಲುವುದು ಕೊಲ್ಲುವವನಿಗೆ ಏನು ಮಾಡುತ್ತದೆ ಎಂಬುದು, ಈ ಕಥೆಯೊಳಗಿದೆ.

ಕಾನೂನು ಮಾತ್ರ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದುಕೊಂಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಹಾರಕ್ಕಾಗಿ ಕೊಲ್ಲುವುದನ್ನು ಅಪರಾಧವೆನ್ನುವುದಿಲ್ಲ, ಅನಗತ್ಯ ನೋವು ಕೊಡಬಾರದು ಎನ್ನುತ್ತದೆ. ಅದರ 28ನೇ ಸೆಕ್ಷನ್ ಧರ್ಮದ ಪದ್ಧತಿಯಂತೆ ಕೊಲ್ಲುವುದಕ್ಕೂ ವಿನಾಯಿತಿ ಕೊಡುತ್ತದೆ. ಕರ್ನಾಟಕದ 1959ರ ಪ್ರಾಣಿ ಬಲಿ ತಡೆ ಕಾಯ್ದೆಯಾದರೋ ದೇವಸ್ಥಾನದ ಆವರಣದಲ್ಲಿ ಬಲಿಯನ್ನು ನಿಷೇಧಿಸುತ್ತದೆ. ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದಲ್ಲಿ, ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬೆಯ ಜಾತ್ರೆ ಬಂದಾಗ ಬಲಿಯ ಚರ್ಚೆ ಮತ್ತೆ ಏಳುತ್ತದೆ. ಜಾತ್ರೆಯ ಕುರಿಯ ಸಾವು ಎಲ್ಲರ ಕಣ್ಣಿಗೆ ಬೀಳುತ್ತದೆಂಬ ಕಾರಣಕ್ಕೆ ಅದರ ಮೇಲೆ ಹೊರಿಸುವ ಪಾಪದ ಭಾರ, ಶೆಡ್ಡಿನಲ್ಲಿ ಆರು ವಾರ ಕುಂಟುವ ಕೋಳಿಯ ಮೇಲೆ ಬೀಳುವುದಿಲ್ಲ.

ಸಸ್ಯಾಹಾರಿಗಳ ಮನೆ ಈ ಚರ್ಚೆಯ ಹೊರಗಿಲ್ಲ. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು. ಗದ್ದೆ ಹೂಡಲು ಎತ್ತು ಬೇಕಾಗಿದ್ದ ಕಾಲದಲ್ಲಿ ಮಲೆನಾಡು ಗಿಡ್ಡದ ಹೋರಿಗರುವಿಗೆ ಕೊಟ್ಟಿಗೆಯಲ್ಲಿ ಒಂದು ಜಾಗವಿತ್ತು. ಟಿಲ್ಲರ್ ಬಂದ ಮೇಲೆ, ಜೆರ್ಸಿ-ಎಚ್‌ಎಫ್ ಮಿಶ್ರತಳಿ ಬಂದ ಮೇಲೆ, ಆ ಗಂಡು ಕರು ಯಾರಿಗೂ ಬೇಡವಾಯಿತು. 2020ರ ಗೋಹತ್ಯೆ ನಿಷೇಧ ಕಾಯ್ದೆ 13 ವರ್ಷ ಮೀರಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಕೊಲ್ಲುವುದು ನಿಂತರೆ ನೋವೂ ನಿಲ್ಲಬೇಕೆಂದಿಲ್ಲ: ಹಾಲು ಬಿಡಿಸಿ, ಮೇವು ತಪ್ಪಿಸಿ, ಹೆದ್ದಾರಿಯ ಬದಿಗೋ ಕಾಡಿನ ಅಂಚಿಗೋ ಬಿಟ್ಟುಬಂದ ಎಳೆ ಕರು ಸಾಯಲು ಹಲವು ದಿನ ಹಿಡಿಯುತ್ತದೆ. ಹಾಲು ಕುಡಿಯುವವರು ಈ ಕರುವಿನ ಸಾಕಣೆಯ ವೆಚ್ಚವನ್ನು ಲೀಟರಿನ ದರದಲ್ಲಿ ಕೊಡಲು ಸಿದ್ಧರಿಲ್ಲ. ಗಾಂಧೀಜಿಗೆ ಇದರ ಅರಿವಿತ್ತು. ಕಲ್ಕತ್ತೆಯ ಕಡೆ ಹಸು-ಎಮ್ಮೆಗಳಿಂದ ಹಾಲು ಕರೆಯಲು ನಡೆಸುತ್ತಿದ್ದ 'ಫೂಕಾ' ಎಂಬ ಹಿಂಸೆಯ ವಿಷಯ ತಿಳಿದು ಅವರು ಹಾಲನ್ನೇ ಬಿಟ್ಟರು. ಮುಂದೆ ಕಾಯಿಲೆ ಬಿದ್ದಾಗ ಆಡಿನ ಹಾಲು ಕುಡಿದು, ವ್ರತದ ಅಕ್ಷರ ಉಳಿಸಿಕೊಂಡು ಆತ್ಮವನ್ನು ಕಳೆದುಕೊಂಡೆನೆಂದು ತಾವೇ ಕೊರಗಿದರು.

'ಸೊಪ್ಪಿಗೂ ಜೀವವಿಲ್ಲವೇ' ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಗಿಡಕ್ಕೆ ನರಮಂಡಲವಿಲ್ಲ, ಇದ್ದಿದ್ದರೂ ಒಂದು ಕಿಲೋ ಕೋಳಿಮಾಂಸಕ್ಕೆ ಅದಕ್ಕಿಂತ ಹೆಚ್ಚು ತೂಕದ ಜೋಳ, ಸೋಯಾ ಬೇಕಾಗುವುದರಿಂದ ಮಾಂಸಾಹಾರಿಯೇ ಹೆಚ್ಚು ಗಿಡ ತಿಂದಂತಾಗುತ್ತಿತ್ತು. ಅದಕ್ಕಿಂತ ಕಷ್ಟದ ಆಕ್ಷೇಪ ಗದ್ದೆಯ ಬೇಲಿಯಲ್ಲಿದೆ. ಭತ್ತ, ಅಡಿಕೆ, ಬಾಳೆ ಉಳಿಸಿಕೊಳ್ಳಲು ಹಂದಿಗೆ ಉರುಳು ಬೀಳುತ್ತದೆ, ಇಲಿಗೆ ಪಾಷಾಣ ಬೀಳುತ್ತದೆ. ಉರುಳಿಗೆ ಸಿಕ್ಕ ಕಾಡುಹಂದಿ ರಾತ್ರಿಯಿಡೀ ಎಳೆದಾಡಿ ಸಾಯುವುದು ಅನ್ನದ ಲೆಕ್ಕಕ್ಕೂ ಸೇರಬೇಕು.

ಉಳಿದಿರುವುದು ಅಗತ್ಯದ ಪ್ರಶ್ನೆ. ಮಾಂಸವಿಲ್ಲದೆ ಆರೋಗ್ಯವಾಗಿ ಬದುಕಬಹುದು, ನಿಜ. ಆದರೆ ಬಿ12 ಜೀವಸತ್ವ ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಿಂದಲೇ, ಹಾಲು, ತುಪ್ಪ, ಬೇಳೆ, ಗೋಡಂಬಿ ಕೊಳ್ಳಲು ಶಕ್ತಿಯಿರುವ ಮನೆಗೂ ಅಕ್ಕಿಗೆ ಉಪ್ಪು-ಹುಳಿ ಸೇರಿಸುವ ಮನೆಗೂ ಈ ಮಾತು ಒಂದೇ ರೀತಿ ಅನ್ವಯಿಸುವುದಿಲ್ಲ. ಕರ್ನಾಟಕದ ಹೆಂಗಸರಲ್ಲಿ ಅರ್ಧದ ಆಸುಪಾಸು ಮಂದಿ ರಕ್ತಹೀನತೆ ಇರುವವರು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಆರಂಭಿಸಿ, ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಕೆಲವು ಮಠಗಳು ವಿರೋಧಿಸಿದವು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆಯಾಯಿತು. ತನ್ನ ಮಗುವಿಗೆ ಪೌಷ್ಟಿಕ ಆಹಾರ ಮನೆಯಲ್ಲೇ ಇರುವವರು ಇನ್ನೊಬ್ಬರ ಮಗುವಿನ ಮೊಟ್ಟೆಯನ್ನು ಅಹಿಂಸೆಯ ಹೆಸರಿನಲ್ಲಿ ತಪ್ಪಿಸುವುದು ನನಗೆ ಒಪ್ಪಿಗೆಯಾಗದ ಅಹಿಂಸೆ.

ಆದರೆ ಆ ಮೊಟ್ಟೆ ಬರುವುದು ಎಲ್ಲಿಂದ ಎಂಬುದನ್ನೂ ಕೇಳದೆ ಬಿಡುವಂತಿಲ್ಲ. ಸಗಟು ಮೊಟ್ಟೆಯ ಬಹುಪಾಲು ತಂತಿ ಪಂಜರದ ಕೋಳಿಗಳದ್ದು; ರೆಕ್ಕೆ ಬಿಚ್ಚಲಾಗದ, ಮಣ್ಣು ಕೆದಕಲಾಗದ ಜಾಗದಲ್ಲಿ ಅವು ವರ್ಷಕ್ಕೂ ಹೆಚ್ಚು ಕಾಲ ನಿಂತಿರುತ್ತವೆ. ಈ ತಳಿಯ ಹುಂಜದ ಮರಿಗಳು ಮೊಟ್ಟೆಗೂ ಇಲ್ಲ, ಮಾಂಸಕ್ಕೂ ಇಲ್ಲವೆಂದು ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಕೊಲ್ಲಲ್ಪಡುತ್ತವೆ; ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಯುರೋಪಿನ ಒಕ್ಕೂಟ ಹಳೆಯ ಮಾದರಿಯ ಪಂಜರಗಳನ್ನು 2012ರಲ್ಲೇ ನಿಲ್ಲಿಸಿತು. ನಮ್ಮಲ್ಲಿ ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಕೋಳಿ ಸಾಕಣೆಯ ಸುಧಾರಣೆಗೆ ಶಿಫಾರಸು ಮಾಡಿತು. 2023ರ ಕೇಂದ್ರದ ನಿಯಮ ಪ್ರತಿ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಇರಬೇಕೆಂದಿದೆ, ಅದು ಒಂದು ಎ4 ಹಾಳೆಗಿಂತ ಕಡಿಮೆ. ಲಕ್ಷಗಟ್ಟಲೆ ಮಕ್ಕಳಿಗೆ ಮೊಟ್ಟೆ ಕೊಡುವ ರಾಜ್ಯ ಸರ್ಕಾರಕ್ಕೆ ಬಿಡಿ ಗಿರಾಕಿಗಿಲ್ಲದ ಬಲವಿದೆ. ಶಾಲೆಯ ಆಸುಪಾಸಿನ ಸ್ವಸಹಾಯ ಸಂಘಗಳ ಹಿತ್ತಲ ಕೋಳಿಯ ಮೊಟ್ಟೆಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಒಂದು ಪಾಲನ್ನಾದರೂ ಕೊಳ್ಳಲು ಅದು ಮನಸ್ಸು ಮಾಡಬಹುದು. ಹಿತ್ತಲ ಸಾಕಣೆಗೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಗಿರಿರಾಜ ತಳಿ ದಶಕಗಳಿಂದ ನಮ್ಮಲ್ಲಿದೆ. ಎಲ್ಲ ಶಾಲೆಗಳಿಗೂ ಸಾಲುವಷ್ಟು ಮೊಟ್ಟೆ ಅದರಿಂದ ಬರಲಾರದು, ತೀರ್ಥಹಳ್ಳಿಯಂಥ ತಾಲೂಕಿನ ಸಣ್ಣ ಶಾಲೆಗಳ ಮಟ್ಟಿಗೆ ಬರಬಲ್ಲದು.